ಎಣಿಸದೆ ಬಿಟ್ಟ ಎಸೆತಗಳು

2016ರ ಮಾರ್ಚ್ ತಿಂಗಳಲ್ಲಿ ಹನ್ನೊಂದು ದಿನ ಅಬುಧಾಬಿಯಲ್ಲಿದ್ದೆ. ಮರಳಿ ಬಂದ ಮೇಲೆ ಕಾಲೇಜಿನಲ್ಲಿ ಎಲ್ಲರೂ ದೊಡ್ಡ ಮಸೀದಿ, ಮರಳುಗಾಡು, ಎತ್ತರದ ಕಟ್ಟಡಗಳ ಬಗ್ಗೆ ಕೇಳಿದರು. ಅವನ್ನೆಲ್ಲ ನೋಡಿದ್ದೇನೆ, ಫೋಟೊಗಳೂ ಇವೆ. ಫೋಟೊ ಇರುವುದನ್ನು ಬರೆಯಬೇಕಾಗಿಲ್ಲ ಅನ್ನಿಸಿತು. ಫೋಟೊ ಇಲ್ಲದ ಐದು ದಿನಗಳನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಆಯಾ ದಿನವೇ ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದೆ. ಆದರೂ ಬರೆದದ್ದನ್ನು ಎರಡೆರಡು ಸಲ ಅದರ ಜೊತೆ ತಾಳೆ ನೋಡುತ್ತಿದ್ದೇನೆ. ನಾನು ಉಡುಪಿಯಲ್ಲಿ ಇತಿಹಾಸ ಪಾಠ ಮಾಡುವವಳು. ತಪ್ಪು ಮಾಡಿದವರು ಅದನ್ನು ಹೇಳುವಾಗ ಎಷ್ಟು ಸಣ್ಣದು ಮಾಡಿ ಹೇಳುತ್ತಾರೆಂದು ನನಗೆ ಗೊತ್ತು.

ಅಲ್ ರೀಮ್, ಮಂಗಳವಾರ

ನನ್ನ ತಂಗಿ ಶೈಲಾಳ ಮನೆ ಅಲ್ ರೀಮ್ ಐಲ್ಯಾಂಡಿನ ಜೋಡಿ ಕಟ್ಟಡಗಳಲ್ಲಿ ಒಂದರ ಇಪ್ಪತ್ತೆರಡನೆಯ ಮಹಡಿಯಲ್ಲಿದೆ. ಜೋಡಿ ಎಂದರೆ ಅಕ್ಷರಶಃ ಜೋಡಿ. ಅದೇ ಗಾಜು, ಅದೇ ಕುಂಡ, ಅದೇ ಕುಂಡದಲ್ಲಿ ಅದೇ ಪ್ಲಾಸ್ಟಿಕ್ ಗಿಡ. ಬೆಳಿಗ್ಗೆ ನಡೆದಾಡಲು ಇಳಿದವಳು ವಾಪಸು ಬಂದು ಲಿಫ್ಟಿನ ಪಕ್ಕ ಕಾರ್ಡು ಉಜ್ಜಿದರೆ ಕೆಂಪು ದೀಪ. ಮತ್ತೆ ಉಜ್ಜಿದೆ, ಮತ್ತೆ ಕೆಂಪು. ನನ್ನ ವೀಸಾ ರದ್ದಾಗಿರಬಹುದೇ ಎಂಬ ಯೋಚನೆ ಬಂತು. ವೀಸಾಕ್ಕೂ ಲಿಫ್ಟಿಗೂ ಏನು ಸಂಬಂಧ ಎಂದು ಆ ಕ್ಷಣ ಹೊಳೆಯಲಿಲ್ಲ. ನೇಪಾಳದ ಕಾವಲುಗಾರ ನಿಧಾನವಾಗಿ ಎದ್ದು ಬಂದು ಹಿಂದಿಯಲ್ಲಿ, "ಮಾಂಜೀ, ನಿಮ್ಮ ಮನೆ ಪಕ್ಕದ ಕಟ್ಟಡ. ಊರಿಂದ ಬಂದ ಎಲ್ಲ ಅಮ್ಮಂದಿರೂ ಮೊದಲು ನನ್ನ ಹತ್ತಿರವೇ ಬರ್ತಾರೆ" ಎಂದ. ನಾನು ಅಮ್ಮನಲ್ಲ, ದೊಡ್ಡಮ್ಮ ಎಂದು ತಿದ್ದಲು ಹೋಗಲಿಲ್ಲ. ಬಾಗಿಲವರೆಗೆ ಬಂದು ಬಿಟ್ಟುಹೋದ.

ನಮ್ಮೂರಿನಲ್ಲಿ ಮನೆ ತಪ್ಪಿದರೆ ಒಳಗಿನಿಂದ ಯಾರೋ ಇಣುಕಿ, "ಯಾರು ಬೇಕಿತ್ತು?" ಎನ್ನುತ್ತಾರೆ. ಇಲ್ಲಿ ಬಾಗಿಲೇ ಗುರುತು ಹಿಡಿಯುವುದಿಲ್ಲ ಎನ್ನುತ್ತದೆ.

ಸಂಜೆ ಊಟದ ಮೇಜಿನಲ್ಲಿ ಜಗಳ. ಈ ಮನೆಯಲ್ಲಿ ಇದು ದಿನಾ ಇರುವ ಜಗಳವಂತೆ. ಒಂದು ಕಡೆ ಶೈಲಾಳ ಮಗಳು ಧನ್ಯಾ, ಹದಿಮೂರು ವರ್ಷ. ಇನ್ನೊಂದು ಕಡೆ ಅವಳ ಅಪ್ಪ ದಿನೇಶ, ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಹದಿನೈದು ವರ್ಷಗಳಿಂದ ಕೆಲಸ. ವಿಷಯ: ಬೇಸ್‌ಬಾಲ್ ಪಿಚರ್‌ಗಳಲ್ಲಿ ಯಾರು ದೊಡ್ಡವರು?

ಕ್ರಿಕೆಟಿನಲ್ಲಿ ಬೌಲರ್ ಹೇಗೋ ಬೇಸ್‌ಬಾಲಿನಲ್ಲಿ ಪಿಚರ್ ಹಾಗೆ. ಸಣ್ಣ ದಿಬ್ಬದ ಮೇಲೆ ನಿಂತು, ಬ್ಯಾಟ್ ಹಿಡಿದವನ ಮೊಣಕಾಲಿನಿಂದ ಎದೆಯವರೆಗೆ ಇರುವ ಕಣ್ಣಿಗೆ ಕಾಣದ ಚೌಕಟ್ಟಿನೊಳಗೆ, ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯಬೇಕು. ಚೌಕಟ್ಟಿನೊಳಗೆ ಬಂದರೂ, ಬೀಸಿ ತಪ್ಪಿದರೂ ಅದು ಸ್ಟ್ರೈಕ್; ಮೂರು ಸ್ಟ್ರೈಕಾದರೆ ಬ್ಯಾಟಿನವ ಔಟ್. ಓವರ್ ಎಂಬುದು ಇಲ್ಲ. ಆರು ಎಸೆದು ಇನ್ನೊಬ್ಬನ ಕೈಗೆ ಕೊಟ್ಟು ಸುಧಾರಿಸಿಕೊಳ್ಳುವಂತಿಲ್ಲ. ಒಬ್ಬನೇ ಎಸೆಯುತ್ತಿರಬೇಕು. ಶಾಲೆಗೆ ಬಂದ ಅಮೆರಿಕದ ಟೀಚರೊಬ್ಬರಿಂದ ಧನ್ಯಾಳಿಗೆ ಈ ಆಟ ಹತ್ತಿತು. ಈಗ ಖಲೀಫಾ ಸಿಟಿಯ ಮಕ್ಕಳ ತಂಡದಲ್ಲಿ ಪಿಚರ್. ತಂಡದಲ್ಲಿ ಇಬ್ಬರೇ ಹುಡುಗಿಯರು.

ಅವಳ ಕೋಣೆಯ ಗೋಡೆಯ ಮೇಲೆ ಎರಡು ಪಟ್ಟಿಗಳಿವೆ. ಒಂದಕ್ಕೆ 'ಪೀಕ್' ಎಂದು ಹೆಸರು, ಇನ್ನೊಂದಕ್ಕೆ 'ಕೆರಿಯರ್'. ಮೊದಲನೆಯ ಪಟ್ಟಿಯ ತಲೆಯಲ್ಲಿರುವವನು ಒಬ್ಬ ಎಡಗೈಯವ. ಐದಾರು ವರ್ಷ ಯಾರಿಗೂ ಸಿಗದೆ ಎಸೆದು, ಮೊಣಕೈ ಕೆಟ್ಟು, ಮೂವತ್ತಕ್ಕೇ ಆಟ ಬಿಟ್ಟವ. ಎರಡನೆಯ ಪಟ್ಟಿಯಲ್ಲಿರುವವನು ಇಪ್ಪತ್ತೇಳು ಸೀಸನ್ ಎಸೆದವ. ಹೆಸರುಗಳನ್ನು ಬರೆಯುವುದಿಲ್ಲ. ನನ್ನ ಕಾಗುಣಿತಕ್ಕೆ ಧನ್ಯಾ ನಗುತ್ತಾಳೆ.

"ಆರು ವರ್ಷ ಆಡಿದವ ಗ್ರೇಟ್ ಆದ್ರೆ, ನಮ್ಮ ಲ್ಯಾಬಿಗೆ ಬಂದು ಆರು ತಿಂಗಳಿಗೆ ಓಡಿಹೋದವನೂ ಗ್ರೇಟೇ" ಎಂದ ದಿನೇಶ, ಮೀನಿನ ಮುಳ್ಳು ಬಿಡಿಸುತ್ತ.

"ಪಪ್ಪಾ, ಆ ಟೈಮಲ್ಲಿ ಅವನನ್ನು ಯಾರಿಗೂ ಟಚ್ ಮಾಡ್ಲಿಕ್ಕೆ ಆಗ್ಲಿಲ್ಲ. ಯಾರಿಗೂ!"

"ಇಪ್ಪತ್ತೇಳು ವರ್ಷ ಭುಜ ಕಳಚಿ ಬೀಳದೆ ಎಸೆದವ ಉಂಟಲ್ಲ, ಅವನದ್ದು ಸಾಧನೆ. ಕಡೆಕಡೆಗೆ ಹೊಡೆತ ತಿಂದಿರ್ಬಹುದು. ತಿಂದ್ರೂ ಬಂದು ನಿಂತ."

"ಹಾಗಾದ್ರೆ ಆ ಬ್ಯಾಡ್ ಇಯರ್ಸನ್ನೂ ಸೇರಿಸಿ ಆವರೇಜ್ ತೆಗಿರಿ. ಆಗ ನಿಮ್ಮವನು ಇಳೀತಾನೆ."

"ಉಳಿದುಕೊಂಡದ್ದಕ್ಕೆ ಶಿಕ್ಷೆಯಾ? ಅದೆಂತ ನ್ಯಾಯ ಮಾರಾಯ್ತಿ!"

ಧನ್ಯಾ ಸುಮ್ಮನೆ ಕೂಗುವ ಹುಡುಗಿಯಲ್ಲ. ಪೀಕ್ ಎಂದರೆ ಬಿಡಿಬಿಡಿಯಾಗಿ ಒಳ್ಳೆಯ ವರ್ಷಗಳನ್ನು ಆರಿಸಿ ಜೋಡಿಸುವುದಲ್ಲ, ಅದು ಮೋಸ, ಸಾಲಾಗಿ ಬಂದ ವರ್ಷಗಳನ್ನೇ ಹಿಡಿಯಬೇಕು ಎಂದು ನನಗೆ ವಿವರಿಸಿದಳು. ಇನ್ನೂ ಹಳೆಯ ಕಾಲದವರನ್ನು ಹೋಲಿಸುವುದೇ ಕಷ್ಟವಂತೆ. ಆಗ ಒಬ್ಬನೇ ಇಡೀ ಪಂದ್ಯ ಎಸೆಯುತ್ತಿದ್ದ, ಎಷ್ಟು ಎಸೆದನೆಂದು ಯಾರೂ ಎಣಿಸುತ್ತಿರಲಿಲ್ಲ, ಕೈ ಹೋದರೆ ಹೋಯಿತು.

"ದೊಡ್ಡಮ್ಮ, ನೀವು ಹಿಸ್ಟರಿ ಅಲ್ವಾ. ಹೇಳಿ. ಪೀಕಾ? ಕೆರಿಯರಾ?"

ನಾನು ವಿಶ್ವವಿದ್ಯಾಲಯದಲ್ಲಿ ಓದುವಾಗ ಮಹಿಳಾ ಕ್ರಿಕೆಟ್ ತಂಡಕ್ಕೆ ಸ್ಕೋರರ್ ಆಗಿದ್ದೆ. ಆಮೇಲೂ ಕಾಲೇಜು ಪಂದ್ಯಗಳಿಗೆ ಇಪ್ಪತ್ತು ವರ್ಷ ಸ್ಕೋರು ಬರೆದಿದ್ದೇನೆ. ನಮ್ಮ ತಂಡದಲ್ಲಿ ವಸಂತಿ ಎಂಬ ಬೌಲರ್ ಇದ್ದಳು. ಒಂದು ಮಧ್ಯಾಹ್ನ ಅವಳು ಆರು ವಿಕೆಟ್ ಕಿತ್ತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಎಷ್ಟೋ ವರ್ಷದ ಮೇಲೆ ಹಳೆಯ ಡೈರಿ ತೆಗೆದು ನೋಡಿದರೆ ನಾಲ್ಕು. ನನ್ನದೇ ಅಕ್ಷರ, ನಾಲ್ಕು. ಉಳಿದ ಎರಡನ್ನು ನಾನೇ ಕಿತ್ತುಕೊಟ್ಟಿದ್ದೆ. ಅದನ್ನೇ ಹೇಳಿದೆ. ಪೀಕ್ ನೆನಪಿನಲ್ಲಿ ಬೆಳೆಯುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ ಎಂದೆ.

"ಅಕ್ಕ ನನ್ನ ಪಾರ್ಟಿ!" ಎಂದು ದಿನೇಶ ತಟ್ಟೆ ಬಡಿದ.

"ಅಲ್ಲ," ಎಂದಳು ಧನ್ಯಾ. "ನಾಲ್ಕು ಆದ್ರೂ ನೆನಪಿದ್ದದ್ದು ಅದೇ ಅಲ್ವಾ? ಬೇರೆ ಮ್ಯಾಚ್ ಯಾವುದಾದ್ರೂ ನೆನಪುಂಟಾ?"

ಇರಲಿಲ್ಲ.

ಆಗ ಶೈಲಾ, ಜಗಳ ನಿಲ್ಲಿಸಲೆಂದೇ ಏನೋ, "ಜೂನ್‌ಗೆ ಊರಿಗೆ ಹೋಗುವವರಿಗೆ ಎಂತ ಪೀಕ್, ಎಂತ ಕೆರಿಯರ್. ಉಪ್ಪಿನಕಾಯಿ ಹಾಕ್ಲಾ?" ಎಂದಳು. ದಿನೇಶನ ಕಾಂಟ್ರಾಕ್ಟ್ ಮುಂದುವರಿಯುವುದಿಲ್ಲವೆಂದು ಆಸ್ಪತ್ರೆಯವರು ಹೇಳಿದ್ದರು. ಶಾಲೆ ಮುಗಿದ ಕೂಡಲೇ ಮೂವರೂ ಮಂಗಳೂರಿಗೆ. ಅಲ್ಲಿ ಬೇಸ್‌ಬಾಲ್ ಇಲ್ಲ. ಧನ್ಯಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹದಿಮೂರರ ಹುಡುಗಿ ಬಾಗಿಲನ್ನು ದಡಾರನೆ ಹಾಕಬೇಕಿತ್ತು. ಮೆಲ್ಲಗೆ ಹಾಕಿಕೊಂಡಳು.

ಖಲೀಫಾ ಸಿಟಿ, ಬುಧವಾರ

ಬುಧವಾರ ಸಂಜೆ ಸೆಮಿಫೈನಲ್, ಶನಿವಾರ ದುಬೈಯಲ್ಲಿ ಫೈನಲ್. ದಿನೇಶನಿಗೆ ಡ್ಯೂಟಿ ಇದ್ದುದರಿಂದ ನಾವು ಮೂವರು ಹೋದೆವು.

ಖಲೀಫಾ ಸಿಟಿ ಎಂದರೆ ಎತ್ತರದ ಕಾಂಪೌಂಡುಗಳ ಹಿಂದೆ ಅಡಗಿರುವ ವಿಲ್ಲಾಗಳು, ಅವುಗಳ ನಡುವೆ ಶಾಲೆಗಳು. ಶಾಲೆಯ ಮೈದಾನದ ಹುಲ್ಲು ಅನುಮಾನ ಬರುವಷ್ಟು ಹಸಿರು. ಬಗ್ಗಿ ಮುಟ್ಟಿ ನೋಡಿದೆ, ನಿಜವಾದ ಹುಲ್ಲಲ್ಲ. ತಂದೆತಾಯಂದಿರು ಮಡಚುವ ಕುರ್ಚಿಗಳನ್ನು ಮನೆಯಿಂದಲೇ ತಂದು ಹಾಕಿಕೊಂಡಿದ್ದರು. ನಮ್ಮಲ್ಲಿ ಮಕ್ಕಳ ಪಂದ್ಯವೆಂದರೆ ದೊಡ್ಡವರು ಬೇಲಿ ಹಿಡಿದು ನಿಂತು ಕೂಗುತ್ತಾರೆ, ಅಷ್ಟೇ. ಇಲ್ಲಿ ಪ್ರತಿ ಮನೆಗೂ ಪಾಳಿಯ ಮೇಲೆ ಒಂದು ಕೆಲಸ. ಒಬ್ಬರು ಕಿತ್ತಳೆ ಹೆಚ್ಚಿ ತರಬೇಕು, ಒಬ್ಬರು ದಿಬ್ಬದ ಮಣ್ಣು ಸರಿಮಾಡಬೇಕು, ಒಬ್ಬರು ಪಿಚರ್‌ನ ಎಸೆತ ಎಣಿಸಬೇಕು. ಆ ವಾರ ಎಣಿಸುವ ಪಾಳಿ ಶೈಲಾಳದು.

ಈ ಎಣಿಕೆ ಆಟದ ಅಂಕಕ್ಕಲ್ಲ, ಮಕ್ಕಳ ಕೈಗೆ. ಬೆಳೆಯುವ ಮೊಣಕೈ ಹೆಚ್ಚು ಎಸೆದರೆ ಕೆಡುತ್ತದೆಂದು ಲೀಗಿನವರು ಮಿತಿ ಇಟ್ಟಿದ್ದಾರೆ. ಒಂದು ಪಂದ್ಯದಲ್ಲಿ ಐವತ್ತರೊಳಗೆ ನಿಲ್ಲಿಸಿದರೆ ಎರಡು ದಿನ ವಿಶ್ರಾಂತಿ ಸಾಕು. ಐವತ್ತು ದಾಟಿದರೆ ಮೂರು ದಿನಕ್ಕೆ ಕಡಿಮೆಯಿಲ್ಲ. ಬುಧವಾರ ಐವತ್ತು ದಾಟಿದರೆ ಶನಿವಾರ ಎಸೆಯುವಂತಿಲ್ಲ.

ಶೈಲಾಳಿಗೆ ಆಫೀಸಿನಿಂದ ಫೋನು ಬಂತು. ಮುಷ್ಟಿಯಲ್ಲಿ ಅಡಗುವ, ಒತ್ತಿದರೆ ಅಂಕಿ ಒಂದು ಏರುವ ಎಣಿಕೆಯಂತ್ರವನ್ನು ನನ್ನ ಕೈಗೆ ತುರುಕಿ, "ಅಕ್ಕಾ, ಅವಳು ಎಸೆದಾಗೆಲ್ಲ ಇದನ್ನು ಒತ್ತು. ಸ್ಕೋರರ್ ಆಗಿದ್ದವಳಿಗೆ ನಾನೆಂತ ಹೇಳ್ಲಿ" ಎಂದು ದೂರ ಹೋದಳು. ಎದುರು ತಂಡದವರೂ ಒಬ್ಬರು ಎಣಿಸಿ ತಾಳೆ ನೋಡುವುದು ಪದ್ಧತಿ. ಅವತ್ತು ಆ ಮನುಷ್ಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬಂದದ್ದೇ ತಡವಾಗಿ. ಬಂದವರು ನನ್ನ ಅಂಕಿಯನ್ನೇ ನೋಡಿ ಬರೆದುಕೊಂಡರು.

ಕೋಚ್ ಆರ್ನೆಲ್ ಫಿಲಿಪ್ಪೀನ್ಸಿನವರು, ಹೋಟೆಲೊಂದರಲ್ಲಿ ಕೆಲಸ. ಸಣ್ಣ ದನಿಯ ಮನುಷ್ಯ. "ಮೇಡಂ, ನಲವತ್ತೈದಾದಾಗ ನನಗೆ ಕೈ ತೋರಿಸಿ" ಎಂದರು.

ಧನ್ಯಾ ದಿಬ್ಬ ಹತ್ತಿದಳು. ಮನೆಯಲ್ಲಿ ಕಂಡ ಹುಡುಗಿ ಅಲ್ಲವೇ ಅಲ್ಲ. ಎಡಗಾಲನ್ನು ಎತ್ತಿ, ಒಂದು ಕ್ಷಣ ಇಡೀ ದೇಹವನ್ನು ಗಾಳಿಯಲ್ಲಿ ತಡೆದು, ಬಲಗೈಯನ್ನು ಬೀಸಿದರೆ ಚೆಂಡು ಬ್ಯಾಟಿನವನ ಹಿಂದೆ ಕೂತ ಕ್ಯಾಚರ್‌ನ ಗ್ಲೌಸಿಗೆ ಬೀಳುವ ಸದ್ದು ನಮ್ಮ ಕುರ್ಚಿಗಳವರೆಗೆ. ನಾನು ಒತ್ತಿದೆ. ಎರಡನೆಯದೂ ಹಾಗೆಯೇ. ಒತ್ತಿದೆ. ಮೂರನೆಯದು ಬ್ಯಾಟಿನವನಿಂದ ಬಹಳ ಹೊರಗೆ ಹೋಯಿತು. ಅವನು ಬೀಸಲಿಲ್ಲ.

ನನ್ನ ಹೆಬ್ಬೆರಳು ಅಲ್ಲೇ ನಿಂತಿತು.

ಇದನ್ನು ಹೇಗೆ ವಿವರಿಸಲಿ? ಶೈಲಾ ಹೇಳಿದ್ದು ಕೇಳಿರಲಿಲ್ಲವೇ? ಕೇಳಿತ್ತು. ಆದರೆ ಹೊರಗೆ ಹೋದ ಚೆಂಡು ವೈಡು, ವೈಡು ಓವರಿನ ಲೆಕ್ಕಕ್ಕೆ ಇಲ್ಲ. ಅದು ನಾನು ಯೋಚಿಸಿ ಮಾಡಿದ್ದಲ್ಲ, ಇಪ್ಪತ್ತು ವರ್ಷ ಸ್ಕೋರು ಬರೆದ ಕೈ ತಾನಾಗಿ ಮಾಡಿದ್ದು. ಅವತ್ತು ಅವಳ ಚೆಂಡುಗಳು ಬಹಳ ಹೊರಗೆ ಹೋದವು. ಪಕ್ಕದಲ್ಲಿ ಕೂತ ಬ್ರಹ್ಮಾವರ ಕಡೆಯ ಕೊಂಕಣಿ ಹೆಂಗಸು ಫಿಲೋಮಿನಾ, ಇವರ ಮಗ ಕ್ಯಾಚರ್, "ಇವತ್ತು ನಿಮ್ಮ ಹುಡುಗಿ ಸ್ವಲ್ಪ ವೈಲ್ಡ್ ಅಲ್ವಾ, ಆದ್ರೆ ಎಂತ ಸ್ಪೀಡು ಮಾರಾಯ್ರೆ!" ಎಂದದ್ದು ನೆನಪಿದೆ. ನಾನು ಹೆಮ್ಮೆಯಿಂದ ತಲೆಯಾಡಿಸಿದ್ದೂ ನೆನಪಿದೆ.

ನಲವತ್ತೈದಾದಾಗ ಕೈ ತೋರಿಸಿದೆ. ಕೋಚ್ ಆಶ್ಚರ್ಯದಿಂದ ನನ್ನ ಕಡೆ ನೋಡಿ, "ಅಷ್ಟೇನಾ? ಒಳ್ಳೆಯದಾಯಿತು" ಎಂದರು. ನಲವತ್ತೆಂಟಕ್ಕೆ ಅವಳನ್ನು ಇಳಿಸಿದರು. ಅಷ್ಟರಲ್ಲಿ ಪಂದ್ಯ ನಮ್ಮ ಕೈಯಲ್ಲಿತ್ತು. ಮುಗಿದ ಮೇಲೆ ಎರಡು ತಂಡದ ಮಕ್ಕಳೂ ಸಾಲಾಗಿ ನಿಂತು ಒಬ್ಬರ ಅಂಗೈಗೆ ಒಬ್ಬರು ತಟ್ಟುತ್ತ ಹೋದರು. ಧನ್ಯಾ ಎಡಗೈಯಲ್ಲಿ ತಟ್ಟಿದಳು. ಇದು ಆವತ್ತೇ ಕಂಡದ್ದೋ, ಆಮೇಲೆ ಸೇರಿಸಿಕೊಂಡದ್ದೋ, ಖಚಿತವಿಲ್ಲ. ಡೈರಿಯಲ್ಲಿ ಇಲ್ಲ.

ಅಲ್ ರೀಮ್, ಗುರುವಾರ

ಮಧ್ಯಾಹ್ನ ಶಾಲೆಯಿಂದ ಬಂದ ಧನ್ಯಾ ಲ್ಯಾಪ್‌ಟಾಪಿನಲ್ಲಿ ಯಾವುದೋ ಅಮೆರಿಕದ ಪಂದ್ಯ ಹಾಕಿಕೊಂಡು ಕೂತಳು. ನಾನೂ ಪಕ್ಕದಲ್ಲಿ ಕೂತೆ. ಪರದೆಯ ಮೂಲೆಯಲ್ಲಿ ಪಿಚರ್‌ನ ಎಸೆತಗಳ ಸಂಖ್ಯೆ. ಅವನೊಂದು ಚೆಂಡನ್ನು ಎಲ್ಲಿಗೋ ಎಸೆದ. ಹಿಂದಿನವನು ಹಾರಿ ಹಿಡಿದ. ಮೂಲೆಯ ಸಂಖ್ಯೆ ಒಂದು ಏರಿತು.

"ಅದನ್ನೂ ಲೆಕ್ಕಕ್ಕೆ ಹಿಡೀತಾರಾ?" ಎಂದೆ.

"ಯಾವುದನ್ನು?"

"ಈಗ ಹೊರಗೆ ಹೋದದ್ದು."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮತ್ತೆ? ಎಲ್ಲಿಗೆ ಹೋದ್ರೂ ಎಸೆದದ್ದು ಕೈ ಅಲ್ವಾ ದೊಡ್ಡಮ್ಮ."

ಎಷ್ಟು ಸರಳ. ಇಪ್ಪತ್ತು ವರ್ಷ ಸ್ಕೋರು ಬರೆದವಳಿಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ವಸಂತಿ ಎಷ್ಟೋ ಸಲ ಒಂದು ಓವರಿಗೆ ಎಂಟು, ಒಂಬತ್ತು ಚೆಂಡು ಎಸೆದಿದ್ದಾಳೆ. ನಾನು ಆರು ಎಂದೇ ಮುಗಿಸಿದ್ದೇನೆ. ವೈಡಿಗೆ ರನ್ನು ಬರೆದೆ. ಭುಜಕ್ಕೆ ಏನೂ ಬರೆಯಲಿಲ್ಲ.

ನಿನ್ನೆ ನಾನು ಎಷ್ಟು ಬಿಟ್ಟೆ? ಹತ್ತು? ಹದಿನೈದು? ಮೂವತ್ತು? ಒಂದೊಂದೇ ನೆನಪಿಸಿಕೊಳ್ಳಲು ಕೂತರೆ ಎಲ್ಲ ಚೆಂಡೂ ಒಂದೇ ಚೆಂಡಾಗಿ ಕಾಣಿಸಿತು. ನಲವತ್ತೆಂಟಕ್ಕೆ ಮೂರು ಸೇರಿದರೆ ಸಾಕು, ಐವತ್ತು ದಾಟಿತು. ಮೂರಕ್ಕಿಂತ ಖಂಡಿತ ಹೆಚ್ಚು. ಎಷ್ಟು ಹೆಚ್ಚು ಎಂದು ಕೇಳಿದರೆ ಹೇಳುವ ಧೈರ್ಯವಿಲ್ಲ.

ಅವಳ ಕಡೆ ನೋಡಿದೆ. ಹೊಳೆಯುವ ಪರದೆಯ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಎಡಗೈಯಿಂದ. ಬಲಗೈ ಮಡಿಲಲ್ಲಿತ್ತು.

"ಕೈ ನೋವುಂಟಾ?"

"ನೋ."

ಬಹಳ ಬೇಗ ಬಂದ ಉತ್ತರ. ಕೋಚ್‌ಗೆ ಆಗಲೇ ಫೋನು ಮಾಡಬೇಕಿತ್ತು. ಮಾಡಲಿಲ್ಲ. ನಂಬರು ಶೈಲಾಳ ಬಳಿ ಇದೆ, ಅವಳು ಬಂದ ಮೇಲೆ ಎಂದುಕೊಂಡೆ. ಶೈಲಾ ಬಂದಳು, ಸುಸ್ತಾಗಿದ್ದಳು, ನಾಳೆ ಎಂದುಕೊಂಡೆ. ಇದಿಷ್ಟೂ ಡೈರಿಯಲ್ಲಿದೆ. ನನ್ನ ವಿರುದ್ಧ ನಾನೇ ಬರೆದಿಟ್ಟದ್ದು.

ಅಲ್ ಮೀನಾ, ಶುಕ್ರವಾರ

ಶುಕ್ರವಾರ ಇಲ್ಲಿ ರಜೆ, ನಮ್ಮ ಭಾನುವಾರ. ಬೆಳಿಗ್ಗೆ ದಿನೇಶ ನನ್ನನ್ನೂ ಧನ್ಯಾಳನ್ನೂ ಅಲ್ ಮೀನಾದ ಮೀನು ಮಾರ್ಕೆಟಿಗೆ ಕರೆದುಕೊಂಡು ಹೋದ. ಮಲ್ಪೆಯ ಗದ್ದಲ ಕಂಡವಳಿಗೆ ಇಲ್ಲಿನ ಶಿಸ್ತು ವಿಚಿತ್ರ. ಮೀನು ಕೊಳ್ಳುವುದು ಒಂದು ಕಡೆ, ಕತ್ತರಿಸಿ ಶುಚಿ ಮಾಡಿಸುವುದು ಇನ್ನೊಂದು ಕಡೆ, ಮಸಾಲೆ ಹಚ್ಚಿ ಸುಟ್ಟುಕೊಡುವುದು ಮತ್ತೊಂದು ಕಡೆ. ಚೀಟಿ ಹಿಡಿದು ಬ್ಯಾಂಕಿನಲ್ಲಿ ಕಾದಂತೆ ಕಾಯಬೇಕು.

ನಮ್ಮ ಕನ್ನಡ ಕೇಳಿ ಪಕ್ಕದ ಗಿರಾಕಿಯೊಬ್ಬರು ತಿರುಗಿದರು. ಬಿಳಿ ಗಡ್ಡದ, ಭಟ್ಕಳದ ವ್ಯಾಪಾರಸ್ಥರು, ಮೂವತ್ತು ವರ್ಷದಿಂದ ಇಲ್ಲಿದ್ದಾರಂತೆ. "ಊರು ಯಾವುದು?" ಎಂದು ಕೇಳಿದವರೇ, ನಾನು ಆರಿಸಿದ ಅಂಜಲ್ ಮೀನನ್ನು ನನ್ನ ಕೈಯಿಂದ ತೆಗೆದು, ಕಿವಿರು ಎತ್ತಿ ನೋಡಿ ವಾಪಸು ಇಟ್ಟರು. "ಇದು ನಿನ್ನೆಯದು ಮೇಡಂ. ಮಾಫಿ, ಬೇಡ. ಆ ಕಡೆಯದು ತಗೊಳ್ಳಿ." ಪರಿಚಯವೇ ಇಲ್ಲದವರ ಮೀನನ್ನು ಆರಿಸಿಕೊಡುವುದು ಅವರಿಗೆ ಬಹಳ ಸಹಜವಾಗಿತ್ತು. ಧನ್ಯಾ ನನ್ನ ಕಿವಿಯಲ್ಲಿ, "ಮೀನಿಗೆ ಕೆರಿಯರ್ ಇಲ್ಲ ದೊಡ್ಡಮ್ಮ. ಓನ್ಲಿ ಪೀಕ್" ಎಂದಳು. ನಕ್ಕೆ. ನಗು ಅರ್ಧಕ್ಕೇ ನಿಂತಿತು.

ದಿನೇಶ ಚೀಟಿ ಹಿಡಿದು ಸಾಲಿಗೆ ಹೋದ. ನಾವಿಬ್ಬರೂ ಹೊರಗೆ ಬಂದು, ದೋಣಿಗಳ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತೆವು. ಹೇಳಿಬಿಟ್ಟೆ. ಹೊರಗೆ ಹೋದ ಚೆಂಡುಗಳನ್ನು ನಾನು ಎಣಿಸಿಲ್ಲ, ನೀನು ಐವತ್ತಕ್ಕಿಂತ ಹೆಚ್ಚು ಎಸೆದಿದ್ದೀಯ.

"ಗೊತ್ತು," ಎಂದಳು.

"ಯಾರು ಹೇಳಿದ್ರು?"

"ನಾನೇ ಎಸೆದದ್ದಲ್ವಾ. ಸೆವೆಂಟಿ ಥ್ರೀ."

ಎಪ್ಪತ್ತಮೂರು. ನಾನು ಬಿಟ್ಟದ್ದು ಇಪ್ಪತ್ತೈದು.

"ಕೋಚ್‌ಗೆ ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ. ನೀವು ಕ್ಲಿಕ್ಕರ್ ತೋರಿಸಿದಾಗ ಫಾರ್ಟಿ ಎಯ್ಟ್ ಅಂತ ಇತ್ತು. ಐ ಥಾಟ್, ದೇವರೇ ಕೊಟ್ಟದ್ದು." ಅವಳ ದನಿ ಸಣ್ಣಗಾಯಿತು. "ದೊಡ್ಡಮ್ಮ, ಪ್ಲೀಸ್. ಜೂನ್‌ಗೆ ಎಲ್ಲ ಖಲಾಸ್. ಮಂಗಳೂರಲ್ಲಿ ನಾನು ಯಾರಿಗೆ ಎಸೆಯೋದು? ಅಜ್ಜಿಗಾ? ಗೋಡೆಯ ಮೇಲೆ ಇರೋರಿಗೆಲ್ಲ ಎರಡೂ ಉಂಟು, ಪೀಕೂ ಕೆರಿಯರೂ. ನಂಗೆ ಕೆರಿಯರ್ ಇಲ್ಲ. ಸಾಟರ್ಡೇ ಒಂದೇ ಇರೋದು."

"ಕೈ?"

"ಕೈ ನನ್ನದು."

ಇತಿಹಾಸದ ತರಗತಿಯಲ್ಲಿ ಒಂದು ವಂಶದ ಸುವರ್ಣಯುಗವನ್ನು ಎರಡು ಪುಟದಲ್ಲಿ ಬರೆಯಿರಿ ಎಂದು ಪ್ರಶ್ನೆ ಕೊಡುತ್ತೇನೆ. ಸುವರ್ಣಯುಗ ಒಂದೇ ಮಧ್ಯಾಹ್ನದ್ದಾದರೆ ಅದನ್ನು ಕಿತ್ತುಕೊಳ್ಳಲು ನಾನು ಯಾರು? ಹನ್ನೊಂದು ದಿನಕ್ಕೆ ಬಂದವಳು, ಎಣಿಸುವ ಕೆಲಸವನ್ನೂ ಸರಿಯಾಗಿ ಮಾಡದವಳು.

ಊಟದ ನಂತರ ಧನ್ಯಾ ಕೋಣೆಗೆ ಹೋದಾಗ ದಿನೇಶನಿಗೂ ಶೈಲಾಳಿಗೂ ಹೇಳಿದೆ. ಇಪ್ಪತ್ತೇಳು ವರ್ಷದವನ ಪರ ವಾದಿಸುವವನು ನನ್ನ ಕಡೆ ನಿಲ್ಲುತ್ತಾನೆಂದುಕೊಂಡಿದ್ದೆ.

"ಎರಡು ದಿನಕ್ಕೆ ಬದಲು ಮೂರು ದಿನ. ಅಷ್ಟರಲ್ಲಿ ಎಂತ ಆಗ್ತದೆ ಅಕ್ಕ?" ಎಂದ.

"ನೀವೇ ಅಲ್ವಾ ಮೊನ್ನೆ..."

"ಅದು ಟೀವಿಯವರ ವಿಷಯ ಮಾರಾಯ್ರೆ. ಇದು ಮಗಳ ವಿಷಯ. ನಾನು ಅವಳನ್ನು ಇಲ್ಲಿಂದ ಕಿತ್ತುಕೊಂಡು ಹೋಗ್ತಿದ್ದೇನೆ. ಒಂದು ಫೈನಲ್ ಆದ್ರೂ ಆಡ್ಲಿ." ಆಮೇಲೆ ಲ್ಯಾಬಿನ ದನಿಯಲ್ಲಿ, "ಎಷ್ಟು ಬಿಟ್ಟದ್ದು ಅಂತ ನಿಮಗೆ ಗೊತ್ತುಂಟಾ?"

"ಅವಳು ಹೇಳ್ತಾಳೆ, ಇಪ್ಪತ್ತೈದು."

"ಅವಳು ಹೇಳುದು ಬಿಡಿ. ನಿಮಗೆ?"

"ಗೊತ್ತಿಲ್ಲ."

"ಸ್ಯಾಂಪಲ್ ಸರಿ ಇಲ್ಲದಿದ್ರೆ ನಾನು ರಿಪೋರ್ಟ್ ಕೊಡುದಿಲ್ಲ."

ಶೈಲಾ ಪಾತ್ರೆ ಒರೆಸುತ್ತಿದ್ದಳು. "ನೀನು ಬುಧವಾರ ಹಿಂದೆ ಹೋಗ್ತಿ ಅಕ್ಕಾ. ಅವಳ ಮುಖ ನೋಡ್ಕೊಂಡು ಇರ್ಬೇಕಾದದ್ದು ನಾನು" ಎಂದಳು. ಇನ್ನೊಂದು ಪಾತ್ರೆ ಎತ್ತಿಕೊಂಡು, ಮುಖ ತಿರುಗಿಸದೆ, "ನಿನ್ನೆಯಿಂದ ಅವಳು ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದಾಳೆ" ಎಂದಳು. ದಿನೇಶ ಕೇಳಿಸಿಕೊಂಡನೋ ಇಲ್ಲವೋ, ಎದ್ದು ಬಾಲ್ಕನಿಗೆ ಹೋದ.

ದುಬೈ, ಶನಿವಾರ

ಅಬುಧಾಬಿಯಿಂದ ದುಬೈಗೆ ನೇರ, ಅಗಲ ರಸ್ತೆ. ಹೊಂಡವಿಲ್ಲ, ದನವಿಲ್ಲ, ತಿರುವೂ ಇಲ್ಲ. ನಮ್ಮ ಘಾಟಿಯಲ್ಲಾದರೆ ರಸ್ತೆಯ ಭಯದಲ್ಲಿ ಬೇರೆ ಭಯಗಳು ಮರೆಯುತ್ತವೆ. ಇಲ್ಲಿ ಅದಕ್ಕೂ ಅವಕಾಶವಿಲ್ಲ. ಧನ್ಯಾ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಮಿತಿಗಿಂತ ಸ್ವಲ್ಪ ವೇಗವಾದಾಗೆಲ್ಲ ಕಾರು ಟಿಂಗ್ ಟಿಂಗ್ ಎಂದು ಎಚ್ಚರಿಸುತ್ತಿತ್ತು. ದಿನೇಶ ಒಮ್ಮೆಯೂ ವೇಗ ಇಳಿಸಲಿಲ್ಲ.

ಕೋಚ್‌ಗೆ ಹೇಳಬಾರದೆಂದು ದುಬೈ ಮುಟ್ಟುವ ಹೊತ್ತಿಗೆ ನಿರ್ಧರಿಸಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ನನಗೆ ಸಂಖ್ಯೆ ಗೊತ್ತಿಲ್ಲ, ಹುಡುಗಿಗೆ ಗೊತ್ತು, ಅಪ್ಪ ಅಮ್ಮನಿಗೆ ಗೊತ್ತು, ಇನ್ನು ನನ್ನದೇನಿದೆ ಎಂದು ನನಗೆ ನಾನೇ ಒಪ್ಪುವಂತೆ ವಾದಿಸಿಕೊಂಡಿದ್ದೆ.

ಮೈದಾನದಲ್ಲಿ ಕೋಚ್ ಆರ್ನೆಲ್ ನಗುತ್ತ ಬಂದು ಎಣಿಕೆಯಂತ್ರವನ್ನು ಮತ್ತೆ ನನ್ನ ಮುಂದೆ ಹಿಡಿದರು. "ಮೇಡಂ, ನಿಮ್ಮ ಕೈಗುಣ ಚೆನ್ನಾಗಿದೆ. ಇವತ್ತೂ ನೀವೇ."

ಅದನ್ನು ತೆಗೆದುಕೊಳ್ಳಲು ಕೈ ಚಾಚಿದೆ. ಆಚೆ ಧನ್ಯಾ ಕ್ಯಾಚರ್ ಹುಡುಗನಿಗೆ ಎಸೆದು ಮೈ ಬಿಸಿ ಮಾಡಿಕೊಳ್ಳುತ್ತಿದ್ದಳು. ಒಂದು ಎಸೆತ. ಅವಳ ಮುಖ ನೋಡಿದೆ. ಚೆಂಡು ಕೈಯಿಂದ ಹೋಗುವ ಗಳಿಗೆಯಲ್ಲಿ ಕಣ್ಣು ಮುಚ್ಚಿದಳು. ಬುಧವಾರ ಹಾಗೆ ಮುಚ್ಚಿರಲಿಲ್ಲ. ಅಥವಾ ಮುಚ್ಚಿದ್ದಳೋ, ನಾನು ನೋಡಿರಲಿಲ್ಲವೋ. ಆದರೆ ಈಗ ಕಂಡದ್ದು ಈಗ ಕಂಡದ್ದು.

"ಕೋಚ್," ಎಂದೆ, "ಬುಧವಾರ ನಾನು ತಪ್ಪು ಎಣಿಸಿದೆ."

ನನ್ನ ಇಂಗ್ಲಿಷ್ ತಡವರಿಸಿತು. ವೈಡು, ಕ್ರಿಕೆಟ್ಟು, ಓವರು, ಏನೇನೋ ಹೇಳಿದೆ. ಅವರಿಗೆ ಕ್ರಿಕೆಟ್ ಗೊತ್ತಿಲ್ಲ. ಕಡೆಗೆ ಒಂದೇ ಪ್ರಶ್ನೆ ಕೇಳಿದರು: "ಐವತ್ತಕ್ಕಿಂತ ಹೆಚ್ಚಾ?"

"ಹೌದು."

"ಖಂಡಿತವಾ?"

"ಅಷ್ಟು ಮಾತ್ರ ಖಂಡಿತ."

ಅವರು ಧನ್ಯಾಳನ್ನು ಕರೆದರು. ಅವಳು ಓಡಿ ಬಂದಳು. ಬರುತ್ತಲೇ ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು. ಬುಧವಾರ ಎಷ್ಟು ಎಸೆದೆ ಎಂದು ಅವರು ಕೇಳಿದಾಗ, ನಲವತ್ತೆಂಟು ಎಂದಿದ್ದರೆ ನನ್ನ ಮಾತು ಬಿದ್ದುಹೋಗುತ್ತಿತ್ತು. ಕಾಗದದ ಮೇಲೆ ಎರಡೂ ತಂಡದವರು ಬರೆದದ್ದು ಅದೇ. ಅವಳು ಅಪ್ಪನ ಕಡೆ ಒಮ್ಮೆ ನೋಡಿದಳು.

"ಸೆವೆಂಟಿ ಥ್ರೀ, ಕೋಚ್."

ಕೋಚ್ ಜೇಬಿನಿಂದ ಪೆನ್ನು ತೆಗೆದು ಆಟಗಾರರ ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆದರು. ಅವಳ ಟೋಪಿಯ ಮೇಲೆ ಕೈಯಿಟ್ಟು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ನನಗೆ ಹೇಳಿದ್ದು ಕೇಳಿಸಿತು: "ಗುರುವಾರ ಹೇಳಬೇಕಿತ್ತು ಮೇಡಂ. ಇವತ್ತು ಅವಳು ಮೂವತ್ತು ಎಸೆದಾಯಿತು, ಬರೇ ವಾರ್ಮಪ್‌ಗೆ."

ಎಣಿಕೆಯಂತ್ರವನ್ನು ಫಿಲೋಮಿನಾ ಅವರಿಗೆ ಕೊಟ್ಟರು.

ದಿಬ್ಬ ಹತ್ತಿದ್ದು ದಪ್ಪ ಕನ್ನಡಕದ ಒಬ್ಬ ಹುಡುಗ, ಲೆಬನಾನಿನವನಂತೆ. ಅವನ ಚೆಂಡಿಗೆ ವೇಗವಿಲ್ಲ. ಆದರೆ ಅವತ್ತು ಹೇಗೋ ಎಲ್ಲವೂ ಆ ಕಾಣದ ಚೌಕಟ್ಟಿನೊಳಗೇ ಬಿದ್ದವು. ಧನ್ಯಾ ಬೆಂಚಿನಲ್ಲಿ ಕೂತು, ಅವನು ಒಳಗೆ ಬಂದಾಗೆಲ್ಲ ನೀರು ಕೊಟ್ಟಳು. ನಮ್ಮ ತಂಡ ಗೆದ್ದಿತು.

ಸೋತಿದ್ದರೆ ಅವಳಿಗೆ ನನ್ನನ್ನು ಬೈಯಲು ಒಂದು ಕಾರಣವಿರುತ್ತಿತ್ತು. ಗೆದ್ದದ್ದರಿಂದ ಅದೂ ಉಳಿಯಲಿಲ್ಲ. ಕಪ್ಪಿನ ಜೊತೆ ಎಲ್ಲರೂ ನಿಂತ ಫೋಟೊ ತೆಗೆಯುವಾಗ ಅವಳು ಹಿಂದಿನ ಸಾಲಿನ ತುದಿಯಲ್ಲಿದ್ದಳು. ದಿನೇಶ ನನ್ನ ಪಕ್ಕ ಬಂದು ನಿಂತ. ಏನಾದರೂ ಅನ್ನಲಿ ಎಂದು ಕಾದೆ. "ಬಿಸಿಲು ಜೋರುಂಟು ಅಕ್ಕ, ನೆರಳಿಗೆ ಬನ್ನಿ" ಎಂದನಷ್ಟೇ.

ಅಬುಧಾಬಿ ದಾರಿ

ಅರ್ಧ ದಾರಿಯಲ್ಲಿ ಪೆಟ್ರೋಲ್ ಬಂಕಿನ ಬಳಿ ಕಾರು ನಿಲ್ಲಿಸಿದರು. ಏಲಕ್ಕಿ ಹಾಕಿದ ಗಟ್ಟಿ ಚಹಾಕ್ಕೆ ದಿನೇಶನೂ ಶೈಲಾಳೂ ಇಳಿದರು. ಇಲ್ಲಿ ಜನ ಅಂಗಡಿಯೊಳಗೆ ಹೋಗುವುದಿಲ್ಲ. ಕಾರಿನಲ್ಲಿ ಕೂತು ಹಾರ್ನ್ ಹೊಡೆದರೆ ಅಂಗಡಿಯವನೇ ಚಹಾ ತರುತ್ತಾನೆ. ಇವರಿಬ್ಬರೇ ಇಳಿದು ಹೋದದ್ದು, ಕಾರಿನೊಳಗೆ ಕೂತಿರಲು ಆಗದೆ ಇರಬೇಕು.

ಹಿಂದಿನ ಸೀಟಿನಲ್ಲಿ ನಾನು, ಧನ್ಯಾ. ಅವಳ ಬಲಗೈ ಸೀಟಿನ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು, ಬೇರೆ ಯಾರದೋ ಕೈಯಂತೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ.

"ಡೈರಿ ಉಂಟಾ?" ಎಂದಳು.

"ಉಂಟು."

"ತೆಗೀರಿ. ನಿಮ್ಮ ನಾಲ್ಕು ವಿಕೆಟ್ ಆರು ಆದ ಹಾಗೆ ಇದು ಆಗ್ಬಾರ್ದು. ಬುಧವಾರದ್ದು ಬರೀರಿ. ನಾನು ಹೇಳ್ತೇನೆ."

ಪೆನ್ನು ತೆಗೆದೆ. ಅವಳು ಮುಂದಿನ ಸೀಟಿನ ಬೆನ್ನನ್ನು ನೋಡುತ್ತ ಹೇಳತೊಡಗಿದಳು. ಒಂದು, ಸ್ಟ್ರೈಕ್. ಎರಡು, ಸ್ಟ್ರೈಕ್. ಮೂರು, ಹೊರಗೆ. ನಾಲ್ಕು, ಬೀಸಿದ, ತಾಗಲಿಲ್ಲ, ಔಟ್. ಒಂದೊಂದಕ್ಕೂ ಒಂದೊಂದು ಗೆರೆ ಹಾಕುತ್ತ ಹೋದೆ. ಮೂರನೆಯ ಬ್ಯಾಟಿನವನು ಚೆಂಡನ್ನು ನೆಲಕ್ಕೆ ಹೊಡೆದು ಓಡಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಅವಳು, ಅವನು ಬೀಸಲೇ ಇಲ್ಲ, ನಿಂತಲ್ಲೇ ಔಟಾದ ಎಂದಳು. ಅವಳು ಹೇಳಿದಂತೆಯೇ ಬರೆದೆ. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಅವಳು ಎಲ್ಲೂ ತಡೆಯಲಿಲ್ಲ. ದಿನೇಶ, ಶೈಲಾ ಚಹಾದ ಲೋಟ ಹಿಡಿದು ಹೊರಗೇ ನಿಂತಿದ್ದರು. ನಮ್ಮನ್ನು ನೋಡಿ ಒಳಗೆ ಬರಲಿಲ್ಲ.

"ನಲವತ್ತೊಂಬತ್ತು, ಸ್ಟ್ರೈಕ್. ಐವತ್ತು, ಹೊರಗೆ. ಐವತ್ತೊಂದು, ಸ್ಟ್ರೈಕ್. ಐವತ್ತೆರಡು, ಸ್ಟ್ರೈಕ್. ಅದು ಬೆಸ್ಟ್ ದೊಡ್ಡಮ್ಮ, ಇಡೀ ಸೀಸನಲ್ಲಿ ಅಷ್ಟು ಒಳ್ಳೆಯದು ನಾನು ಎಸೆದಿಲ್ಲ. ಬೆಸ್ಟ್ ಅಂತ ಬರೀರಿ."

ಬರೆದೆ.

"ಐವತ್ತಮೂರು, ಹೊರಗೆ." ಮೊದಲ ಸಲ ನಿಲ್ಲಿಸಿದಳು. ಎಡಗೈಯಿಂದ ಬಲ ಮೊಣಕೈಯ ಒಳಭಾಗವನ್ನು ಮುಟ್ಟಿ ತೋರಿಸಿದಳು. "ಇಲ್ಲಿ ಏನೋ ಆಯ್ತು. ಅದನ್ನೂ ಬರೀರಿ."

ನನ್ನ ಪೆನ್ನು ಓಡಲಿಲ್ಲ. ನಿಜವಾದ ನಲವತ್ತೈದಕ್ಕೆ ನಾನು ಕೈ ತೋರಿಸಿದ್ದರೆ ಅವಳು ಇಳಿದುಬಿಟ್ಟಿರುತ್ತಿದ್ದಳು. ಐವತ್ತಮೂರು ಇರುತ್ತಲೇ ಇರಲಿಲ್ಲ. ಅವಳ ಬೆಸ್ಟ್ ಆದ ಐವತ್ತೆರಡೂ ಇರುತ್ತಿರಲಿಲ್ಲ.

"ಬರೀರಿ ದೊಡ್ಡಮ್ಮ," ಎಂದಳು. "ಇನ್ನೂ ಇಪ್ಪತ್ತುಂಟು."